ನಿಯ್ಯತ್ತನ್ನು ಅರಿಯದ ದಾಖಲೆ

ತನ್ನ ತಪ್ಪನ್ನು ತಾನೇ ಬರೆದು ಪ್ರಕಟಿಸಬೇಕಾದ ಅಗತ್ಯ ಯಾರಿಗೂ ಇಲ್ಲ. ಅಲ್ಲಾಹನು ಮರೆಯಲ್ಲಿಟ್ಟ ತಪ್ಪನ್ನು ನಾವಾಗಿಯೇ ಬಯಲಿಗೆಳೆಯಬಾರದು ಎಂಬುದು ಪ್ರವಾದಿ(ಸ) ನಮಗೆ ಕಲಿಸಿದ ಶಿಷ್ಟಾಚಾರ. ಆದರೆ ನಾನಿಲ್ಲಿ ಹೇಳಹೊರಟಿರುವ ತಪ್ಪು ನನ್ನ ಮತ್ತು ಅಲ್ಲಾಹನ ನಡುವಿನದು ಮಾತ್ರವಲ್ಲ. ಅದು ನಾನು ನನ್ನ ಮಗನಿಗೆ ಮಾಡಿದ ಅನ್ಯಾಯ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಕಾರಣವೂ ಇದೆ: ಆ ತಪ್ಪಿನ ಬೀಜ ನಮ್ಮೆಲ್ಲರ ಮನೆಯ ಕಂಪ್ಯೂಟರಿನಲ್ಲಿಯೂ ಕಿಸೆಯ ಮೊಬೈಲಿನಲ್ಲಿಯೂ ಇದೆ.

ನಮ್ಮ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಕಂಪ್ಯೂಟರ್. ಹಗಲು ಮಗಳ ಪಾಠಕ್ಕೆ, ಸಂಜೆ ಪತ್ನಿಯ ಹೊಲಿಗೆಯ ಲೆಕ್ಕಕ್ಕೆ, ರಾತ್ರಿ ಮಗನ ಕೆಲಸಕ್ಕೆ ಅದು ಬಳಕೆಯಾಗುತ್ತದೆ. ಇಶಾ ನಮಾಝಿನ ನಂತರ ಸುದ್ದಿ ಓದಲು ಕೆಲವೊಮ್ಮೆ ನಾನೂ ಅದರ ಮುಂದೆ ಕುಳಿತುಕೊಳ್ಳುತ್ತೇನೆ. ಅಂತಹ ಒಂದು ರಾತ್ರಿ ಸುದ್ದಿಯ ಪಕ್ಕದಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಹತ್ತು ನಿಮಿಷಗಳಲ್ಲಿ ಸಾಲ, ದಾಖಲೆಪತ್ರಗಳ ಗೋಜಿಲ್ಲ ಎಂಬ ಭರವಸೆ. ಬೇರೆ ಪುಟ ತೆರೆದೆ, ಅಲ್ಲಿಯೂ ಸಾಲ. ಹವಾಮಾನ ನೋಡಿದೆ, ಮಳೆಯ ಚಿತ್ರದ ಕೆಳಗೂ ಸಾಲ. ಮರುದಿನವೂ ಹಾಗೆಯೇ.

ಈ ಜಾಹೀರಾತುಗಳು ಯಾರಿಗೋ ಎಸೆದ ಕಲ್ಲುಗಳಲ್ಲ, ನೋಡುವವನ ಹಿಂದಿನ ಓಡಾಟವನ್ನು ಗಮನಿಸಿಯೇ ಬರುತ್ತವೆ ಎಂದು ಎಲ್ಲೋ ಓದಿದ್ದೆ. ಹಾಗಾದರೆ ಈ ಮನೆಯಲ್ಲಿ ಯಾರೋ ಸಾಲಕ್ಕಾಗಿ ಹುಡುಕಿದ್ದಾರೆ. ಯಾರು? ಮಗಳು ಚಿಕ್ಕವಳು. ಪತ್ನಿಗೆ ಬಡ್ಡಿ ಎಂಬ ಮಾತೇ ಆಗದು. ಉಳಿದವನು ಮಗ. ಹೊಸದಾಗಿ ಕೆಲಸಕ್ಕೆ ಸೇರಿದವನು. ಆ ದಿನಗಳಲ್ಲಿ ಅವನು ಊಟದ ಹೊತ್ತಿನಲ್ಲಿಯೂ ಮಾತನಾಡುತ್ತಿರಲಿಲ್ಲ. ಫೋನ್ ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಸಾಲದ ಆ್ಯಪ್‌ಗಳ ಬಲೆಯಲ್ಲಿ ಬಿದ್ದು ಮಾನ ಕಳೆದುಕೊಂಡ ಯುವಕರ ಸುದ್ದಿಗಳನ್ನು ಓದಿದ್ದ ನನ್ನ ಮನಸ್ಸು ಅಷ್ಟನ್ನೂ ಜೋಡಿಸಿ ಒಂದು ಕಥೆ ಕಟ್ಟಿತು. ಕಟ್ಟಿದ ಮೇಲೆ ಅದು ನನಗೆ ಕಥೆಯಾಗಿ ಕಾಣಲಿಲ್ಲ, ಸತ್ಯವಾಗಿಯೇ ಕಂಡಿತು.

ಮೂರನೆಯ ರಾತ್ರಿ ಅವನು ಮಲಗಿದ ಮೇಲೆ ನಾನು ಬ್ರೌಸರಿನಲ್ಲಿ ಹಿಂದಿನ ಭೇಟಿಗಳ ಪಟ್ಟಿಯನ್ನು ತೆರೆದೆ. ಒಂದು ವಾರದ ಪಟ್ಟಿಯನ್ನು ಸಾಲು ಸಾಲಾಗಿ ಓದಿದೆ. ಸಾಲದ ಸುಳಿವು ಎಲ್ಲಿಯೂ ಇರಲಿಲ್ಲ. ಅಲ್ಲಿಗೆ ನಾನು ಅಲ್ಲಾಹನನ್ನು ಸ್ತುತಿಸಿ ಎದ್ದು ಹೋಗಬೇಕಿತ್ತು. ಆದರೆ ಸಂಶಯಕ್ಕೆ ಒಂದು ವಿಚಿತ್ರ ಗುಣವಿದೆ. ಪುರಾವೆ ಸಿಕ್ಕರೆ ಅದು ಬಲಗೊಳ್ಳುತ್ತದೆ, ಸಿಗದಿದ್ದರೆ ಇನ್ನಷ್ಟು ಬಲಗೊಳ್ಳುತ್ತದೆ. ಅಳಿಸಿಬಿಟ್ಟಿದ್ದಾನೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ನನ್ನ ಅಣ್ಣನಿಗೆ ಫೋನ್ ಮಾಡಿ, ಹುಡುಗನು ಸಾಲದಲ್ಲಿ ಸಿಲುಕಿರುವಂತಿದೆ, ಅವನ ಮೇಲೆ ಒಂದು ಕಣ್ಣಿಡು ಎಂದೆ. ಆ ಸಂಜೆ ಮಗನನ್ನು ಎದುರಿಗೆ ಕೂರಿಸಿ, ಎಷ್ಟು ಸಾಲ ಮಾಡಿದ್ದೀಯ ಎಂದು ಕೇಳಿದೆ. ಮಾಡಿದ್ದೀಯಾ ಎಂದಲ್ಲ, ಎಷ್ಟು ಎಂದು.

ಅವನು ಕೋಪಗೊಳ್ಳಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖವನ್ನು ನೋಡಿದ. ನಂತರ ಕಂಪ್ಯೂಟರಿನ ಮುಂದೆ ಕುಳಿತು, ನಾನು ತೆರೆದಿದ್ದ ಅದೇ ಪಟ್ಟಿಯನ್ನು ತೆರೆದು, ಒಂದು ವಾರಕ್ಕೆ ನಿಲ್ಲಿಸದೆ ನಾಲ್ಕು ವಾರ ಹಿಂದಕ್ಕೆ ಹೋದ. ಒಂದು ಗುರುವಾರದ ರಾತ್ರಿ. ಸಾಲ ನೀಡುವ ಮೂರು ಜಾಲತಾಣಗಳು, ಬಡ್ಡಿ ಲೆಕ್ಕ ಹಾಕುವ ಎರಡು ಪುಟಗಳು. ಅವನು ಆ ವಾರ ತರಬೇತಿಗೆಂದು ಪರವೂರಿಗೆ ಹೋಗಿದ್ದ. ಮರುದಿನ ಶುಕ್ರವಾರ, ನಮ್ಮ ಮಸೀದಿಯ ಅಧ್ಯಯನ ಕೂಟದಲ್ಲಿ ಬಡ್ಡಿಯ ಕೆಡುಕಿನ ಕುರಿತು ಮಾತನಾಡಿದವನು ನಾನು. ಎರಡು ಲಕ್ಷ ರೂಪಾಯಿಯ ಸಾಲಕ್ಕೆ ಐದು ವರ್ಷಗಳಲ್ಲಿ ಒಟ್ಟು ಎಷ್ಟು ಬಡ್ಡಿ ತೆರಬೇಕಾಗುತ್ತದೆ ಎಂಬುದನ್ನು ಸಭೆಗೆ ವಿವರಿಸಲೆಂದು ಆ ಪುಟಗಳಲ್ಲಿ ಅಂಕಿಗಳನ್ನು ತುಂಬಿದ ಕೈಯೂ ನನ್ನದೇ.

ನನ್ನ ಹೆಜ್ಜೆಗುರುತನ್ನೇ ನಾನು ಮಗನದೆಂದು ತಿಳಿದಿದ್ದೆ.

ಆ ರಾತ್ರಿ ಅವನು ನನಗೆ ಕುಕೀ ಎಂದರೇನೆಂದು ವಿವರಿಸಿದ. ಆಮೇಲೆ ನಾನೂ ಓದಿ ತಿಳಿದುಕೊಂಡೆ. ಹೆಸರು ಕೇಳಿದರೆ ಬಿಸ್ಕತ್ತಿನ ನೆನಪಾಗುತ್ತದೆ. ವಾಸ್ತವದಲ್ಲಿ ಅದು ಒಂದು ಪುಟ್ಟ ಚೀಟಿ. ನಾವು ಒಂದು ಜಾಲತಾಣವನ್ನು ತೆರೆದಾಗ ಆ ತಾಣದ ಸರ್ವರ್ ನಮ್ಮ ಬ್ರೌಸರಿಗೆ ಪುಟದ ಜೊತೆಗೆ ಕೆಲವು ಅಕ್ಷರ, ಅಂಕಿಗಳ ಚೀಟಿಯೊಂದನ್ನೂ ಕಳುಹಿಸುತ್ತದೆ. ಸಾಮಾನ್ಯವಾಗಿ ಅದರ ಗಾತ್ರ ನಾಲ್ಕು ಕಿಲೋಬೈಟಿಗೆ ಮಿಕ್ಕಿರುವುದಿಲ್ಲ. ಬ್ರೌಸರ್ ಅದನ್ನು ನಮ್ಮ ಯಂತ್ರದಲ್ಲಿ ಜೋಪಾನವಾಗಿಡುತ್ತದೆ. ಮುಂದಿನ ಸಲ ಅದೇ ತಾಣಕ್ಕೆ ಹೋದಾಗ ನಮ್ಮನ್ನು ಕೇಳದೆಯೇ ಆ ಚೀಟಿಯನ್ನು ತೋರಿಸುತ್ತದೆ. ತಾಣವು ನಮ್ಮನ್ನು ಗುರುತಿಸುತ್ತದೆ.

1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಎಂಬ ಯುವ ಎಂಜಿನಿಯರ್ ಇದನ್ನು ರೂಪಿಸಿದರು. ವೆಬ್‌ನ ಮೂಲ ವ್ಯವಸ್ಥೆಗೆ ನೆನಪಿನ ಶಕ್ತಿ ಇರಲಿಲ್ಲ. ಪ್ರತಿ ಸಲ ಪುಟ ತೆರೆದಾಗಲೂ ನಾವು ಅದಕ್ಕೆ ಹೊಸಬರೇ. ಅಂಗಡಿಯ ತಾಣದಲ್ಲಿ ಒಂದು ಪುಸ್ತಕವನ್ನು ಬುಟ್ಟಿಗೆ ಹಾಕಿ ಮುಂದಿನ ಪುಟಕ್ಕೆ ಹೋದರೆ ಬುಟ್ಟಿ ಯಾರದೆಂಬುದೇ ಅದಕ್ಕೆ ಮರೆತುಹೋಗುತ್ತಿತ್ತು. ಈ ಮರೆವಿಗೆ ಕಂಡುಕೊಂಡ ಮದ್ದು ಈ ಚೀಟಿ. ಜಾತ್ರೆಯಲ್ಲಿ ಚಪ್ಪಲಿ ಇಟ್ಟವನಿಗೆ ಕೊಡುವ ಟೋಕನ್ನಿನಂತೆ. ಟೋಕನ್ ಕೊಟ್ಟವನಿಗೆ ನಮ್ಮ ಹೆಸರು ಬೇಕಾಗಿಲ್ಲ, ಯಾವ ಜೋಡು ಯಾರಿಗೆ ಕೊಡಬೇಕೆಂಬುದು ತಿಳಿದರೆ ಸಾಕು. ಇಷ್ಟರಮಟ್ಟಿಗೆ ಕುಕೀಯಲ್ಲಿ ಕೆಡುಕೇನೂ ಇಲ್ಲ. ಅದಿಲ್ಲದಿದ್ದರೆ ಬ್ಯಾಂಕಿನ ಅಥವಾ ಕಾಲೇಜಿನ ತಾಣಕ್ಕೆ ಪ್ರತಿ ಪುಟದಲ್ಲಿಯೂ ಗುಪ್ತಪದ ಒಪ್ಪಿಸಬೇಕಾಗುತ್ತಿತ್ತು.

ಕೆಡುಕು ಆರಂಭವಾದುದು ಮೂರನೆಯವನು ಒಳಬಂದಾಗ. ನಾವು ತೆರೆಯುವ ಒಂದು ಪುಟವು ಒಬ್ಬನೇ ಕಟ್ಟಿದ ಮನೆಯಲ್ಲ. ಸುದ್ದಿ ಪತ್ರಿಕೆಯದು, ಆದರೆ ಅದರ ಮಗ್ಗುಲಲ್ಲಿರುವ ಜಾಹೀರಾತು ಬೇರೊಂದು ಸಂಸ್ಥೆಯ ಸರ್ವರಿನಿಂದ ಬರುತ್ತದೆ. ಅದು ಬರುವಾಗ ಆ ಸಂಸ್ಥೆಯೂ ತನ್ನ ಚೀಟಿಯನ್ನು ನಮ್ಮ ಬ್ರೌಸರಿನಲ್ಲಿ ಇಟ್ಟು ಹೋಗಬಲ್ಲದು. ನಾವು ಸಾಲದ ತಾಣಕ್ಕೆ ಹೋದಾಗ ಅಲ್ಲಿಯೂ ಅದೇ ಸಂಸ್ಥೆ, ಅಡುಗೆಯ ಪುಟಕ್ಕೆ ಹೋದಾಗ ಅಲ್ಲಿಯೂ ಅದೇ ಸಂಸ್ಥೆ. ಎಲ್ಲೆಡೆಯೂ ನಮ್ಮ ಬ್ರೌಸರ್ ಅದೇ ಚೀಟಿಯನ್ನು ಅದಕ್ಕೆ ತೋರಿಸುತ್ತದೆ. ಸಂತೆಯ ಪ್ರತಿ ಅಂಗಡಿಯಲ್ಲಿಯೂ ಒಬ್ಬನೇ ವ್ಯಕ್ತಿ ಮೂಲೆಯಲ್ಲಿ ಕುಳಿತು, ನಾವು ಏನನ್ನು ಮುಟ್ಟಿದೆವು, ಎಷ್ಟು ಹೊತ್ತು ನಿಂತೆವು, ಏನನ್ನು ಕೊಳ್ಳದೆ ಮರಳಿದೆವು ಎಂದು ಒಂದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರೆ ಹೇಗೋ ಹಾಗೆ. ಅಂಗಡಿಯವನನ್ನು ನಾವು ಬಲ್ಲೆವು. ಮೂಲೆಯವನನ್ನು ಬಲ್ಲವರಿಲ್ಲ.

ಇದರ ಅಪಾಯವನ್ನು ಯಾರೂ ಮುಂಗಾಣಲಿಲ್ಲ ಎನ್ನುವಂತಿಲ್ಲ. 1997ರಲ್ಲಿ ಪ್ರಕಟವಾದ ಕುಕೀಗಳ ಮೊದಲ ತಾಂತ್ರಿಕ ಮಾನದಂಡವೇ, ಇಂತಹ ಮೂರನೆಯವರ ಚೀಟಿಗಳನ್ನು ಬ್ರೌಸರುಗಳು ತಾವಾಗಿಯೇ ಸ್ವೀಕರಿಸಬಾರದೆಂದು ಹೇಳಿತ್ತು. ಆಗಿನ ಪ್ರಮುಖ ಬ್ರೌಸರುಗಳು ಆ ಮಾತನ್ನು ಪಾಲಿಸಲಿಲ್ಲ. ಜಾಹೀರಾತಿನ ಒಂದು ದೊಡ್ಡ ಉದ್ಯಮ ಆ ತೆರೆದ ಬಾಗಿಲಿನ ಮೂಲಕವೇ ಬೆಳೆಯಿತು. ಎರಡು ದಶಕಗಳು ಕಳೆದ ಮೇಲೆ, 2019ರಲ್ಲಿ ಫೈರ್‌ಫಾಕ್ಸ್ ಬೆಂಬತ್ತುವ ಕುಕೀಗಳನ್ನು ತಾನಾಗಿಯೇ ತಡೆಯತೊಡಗಿತು. 2020ರಲ್ಲಿ ಸಫಾರಿ ಮೂರನೆಯವರ ಕುಕೀಗಳೆಲ್ಲವನ್ನೂ ನಿರ್ಬಂಧಿಸಿತು. ಅತಿ ಹೆಚ್ಚು ಜನ ಬಳಸುವ ಕ್ರೋಮ್ ಅದೇ ವರ್ಷ, ಎರಡು ವರ್ಷಗಳಲ್ಲಿ ಇವನ್ನು ಕೊನೆಗಾಣಿಸುತ್ತೇನೆಂದು ಘೋಷಿಸಿ, ಮತ್ತೆ ಮತ್ತೆ ಮುಂದೂಡಿ, 2024ರಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಜಾಹೀರಾತಿನಿಂದಲೇ ಬದುಕುವ ಸಂಸ್ಥೆಯೇ ಅದರ ಒಡೆಯನೆಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಪಡುವಂತಹುದಿಲ್ಲ.

ಇದನ್ನೆಲ್ಲ ಓದುತ್ತಿದ್ದಾಗ ನನ್ನ ಮನಸ್ಸು ಮತ್ತೆ ಮತ್ತೆ ಪವಿತ್ರ ಕುರ್‌ಆನಿನ ಸೂರಃ ಅನ್ನೂರ್ ಕಡೆಗೆ ಹೊರಳುತ್ತಿತ್ತು. ಅದರ 27 ಮತ್ತು 28ನೆಯ ಸೂಕ್ತಗಳಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ಇತರರ ಮನೆಯ ಬಾಗಿಲಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನು ಕಲಿಸುತ್ತಾನೆ. ಅನುಮತಿ ಪಡೆಯದೆ, ಸಲಾಮ್ ಹೇಳದೆ ಒಳಹೋಗಬಾರದು. ಮನೆಯವರು ಮರಳಿ ಹೋಗಿರೆಂದರೆ ಮರಳಬೇಕು, ಅದುವೇ ಹೆಚ್ಚು ಪರಿಶುದ್ಧವಾದ ನಡತೆ. ಮೂರು ಬಾರಿ ಅನುಮತಿ ಕೇಳಿಯೂ ಉತ್ತರ ಬಾರದಿದ್ದರೆ ಹಿಂದಿರುಗಬೇಕೆಂದು ಪ್ರವಾದಿ(ಸ) ಆದೇಶಿಸಿದರು. ಅಂದರೆ ಮೌನಕ್ಕೆ ಒಪ್ಪಿಗೆಯೆಂಬ ಅರ್ಥ ಇಲ್ಲಿಲ್ಲ. ಮತ್ತೊಮ್ಮೆ ಒಬ್ಬಾತನು ಪ್ರವಾದಿವರ್ಯರ(ಸ) ಕೋಣೆಯೊಳಗೆ ಸಣ್ಣ ಕಿಂಡಿಯಿಂದ ಇಣುಕಿದಾಗ ಅವರು ತೀವ್ರವಾಗಿ ಎಚ್ಚರಿಸಿ, ಅನುಮತಿ ಕೇಳುವ ನಿಯಮವನ್ನು ವಿಧಿಸಿರುವುದೇ ದೃಷ್ಟಿಯ ಕಾರಣಕ್ಕಾಗಿ ಎಂಬುದನ್ನು ಮನಗಾಣಿಸಿದರೆಂದು ಬುಖಾರಿಯ ಹದೀಸಿನಲ್ಲಿದೆ. ಹೊಸ್ತಿಲು ದಾಟದಿದ್ದರೆ ಸಾಲದು, ಕಣ್ಣೂ ಹೊಸ್ತಿಲು ದಾಟಬಾರದು. ಇಂದಿನ ಕಣ್ಣಿಗೆ ರೆಪ್ಪೆಯೂ ಬೇಕಾಗಿಲ್ಲ, ಕಿಂಡಿಯೂ ಬೇಕಾಗಿಲ್ಲ, ನಾಲ್ಕು ಕಿಲೋಬೈಟಿನ ಚೀಟಿ ಸಾಕು.

ಈಗ ಜಾಲತಾಣಗಳು ಬಾಗಿಲು ತಟ್ಟುತ್ತವಲ್ಲ ಎಂದು ನೀವು ಕೇಳಬಹುದು. ಪುಟ ತೆರೆದೊಡನೆ ಕುಕೀಗಳಿಗೆ ಅನುಮತಿ ಕೇಳುವ ಪೆಟ್ಟಿಗೆಯೊಂದು ಎದುರಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅದು ಯುರೋಪಿನ ಕಾನೂನುಗಳ ಫಲ. ಆದರೆ ಆ ತಟ್ಟುವಿಕೆಯ ಬಗೆಯನ್ನು ನೋಡಿರಿ. ಒಪ್ಪುವ ಗುಂಡಿ ದೊಡ್ಡದು, ಬಣ್ಣದ್ದು. ನಿರಾಕರಿಸುವ ದಾರಿ ಎರಡು ಮೂರು ಪುಟಗಳ ಆಚೆ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ. ಕೆಲವೆಡೆ ಒಪ್ಪಿಗೆಯ ಗುರುತನ್ನು ಅವರೇ ಮೊದಲೇ ಹಾಕಿಟ್ಟಿರುತ್ತಿದ್ದರು. 2019ರ ಅಕ್ಟೋಬರ್ 1ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು ಜರ್ಮನಿಯ ಪ್ಲಾನೆಟ್49 ಎಂಬ ಸಂಸ್ಥೆಯ ಪ್ರಕರಣದಲ್ಲಿ, ಹಾಗೆ ಮೊದಲೇ ಗುರುತು ಹಾಕಿಟ್ಟ ಪೆಟ್ಟಿಗೆಯು ಒಪ್ಪಿಗೆಯಾಗದು ಎಂದು ತೀರ್ಪಿತ್ತಿತು. 2022ರ ಜನವರಿಯಲ್ಲಿ ಫ್ರಾನ್ಸಿನ ಖಾಸಗಿತನ ರಕ್ಷಣಾ ಪ್ರಾಧಿಕಾರವು, ಕುಕೀಗಳನ್ನು ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸಲು ಅವಕಾಶ ನೀಡಲಿಲ್ಲವೆಂಬ ಕಾರಣಕ್ಕೆ ಗೂಗಲ್‌ಗೆ 15 ಕೋಟಿ ಯೂರೋ ಮತ್ತು ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ವಿಧಿಸಿದುದನ್ನು ಪ್ರಕಟಿಸಿತು. ಮೌನ ಒಪ್ಪಿಗೆಯಲ್ಲ, ಮರಳಿ ಹೋಗೆನ್ನುವ ಹಕ್ಕು ಮನೆಯವನದು. ಹದಿನಾಲ್ಕು ಶತಮಾನಗಳ ಹಿಂದೆ ಮದೀನಾದ ಬಾಗಿಲುಗಳಲ್ಲಿ ಕಲಿಸಲಾದ ಈ ಎರಡು ಪಾಠಗಳನ್ನು ಇಂದಿನ ನ್ಯಾಯಾಲಯಗಳೂ ಪ್ರಾಧಿಕಾರಗಳೂ ಬೇರೊಂದು ದಾರಿಯಿಂದ ಬಂದು ಮುಟ್ಟಿವೆ.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಇತ್ಯರ್ಥವಾಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟುದೂ ಆಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲೂ ಸಾಧ್ಯವಿರಬೇಕು ಎನ್ನುತ್ತದೆ. ಮಕ್ಕಳನ್ನು ಬೆಂಬತ್ತಿ ಅವರಿಗೆಂದೇ ಜಾಹೀರಾತು ಗುರಿಯಿಡುವುದನ್ನು ಅದು ನಿಷೇಧಿಸುತ್ತದೆ. ಕಾನೂನು ಇಷ್ಟು ಹೇಳುತ್ತದೆ. ಆದರೆ ಯೋಚಿಸದೆ ಒಪ್ಪಿಗೆಯ ಗುಂಡಿ ಒತ್ತುವ ನಮ್ಮ ಬೆರಳನ್ನು ಯಾವ ಕಾನೂನೂ ಹಿಡಿದು ನಿಲ್ಲಿಸಲಾರದು. ಮನೆಯ ಬಾಗಿಲನ್ನು ಯಾರು ತಟ್ಟಿದರೂ, ಯಾರೆಂದು ಕೇಳದೆ ತೆರೆಯುವವನು ಕಳ್ಳನನ್ನು ದೂರುವ ಮೊದಲು ತನ್ನನ್ನೂ ನೋಡಿಕೊಳ್ಳಬೇಕು.

ಇಂತಹ ಮಾತು ಬಂದಾಗಲೆಲ್ಲ ನಮ್ಮವರಿಂದ ನಾನು ಕೇಳುವ ಉತ್ತರ ಒಂದೇ. ಮುಚ್ಚಿಡುವಂತಹುದು ನಮ್ಮಲ್ಲೇನಿದೆ? ಎಲ್ಲವನ್ನೂ ಅಲ್ಲಾಹನು ನೋಡುತ್ತಾನೆ, ನಮ್ಮ ಹೆಗಲಿನ ಮೇಲೆ ಕಿರಾಮನ್ ಕಾತಿಬೀನ್ ಬರೆಯುತ್ತಲೇ ಇದ್ದಾರೆ, ಇನ್ನೊಬ್ಬ ಬರೆದುಕೊಂಡರೆ ಏನಾಯಿತು? ಒಂದು ಕಾಲದಲ್ಲಿ ನಾನೂ ಹೀಗೆಯೇ ಹೇಳುತ್ತಿದ್ದೆ. ಮಗನ ಮುಂದೆ ತಲೆತಗ್ಗಿಸಿ ಕುಳಿತ ಆ ರಾತ್ರಿಯ ನಂತರ ಈ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಏಕೆಂದರೆ ಆ ಎರಡು ದಾಖಲೆಗಳ ನಡುವಿನ ಅಂತರ ಎಷ್ಟೆಂಬುದನ್ನು ನಾನು ಅನುಭವಿಸಿ ಕಲಿತೆ.

ಮೊದಲನೆಯ ಅಂತರ ನಿಯ್ಯತ್ತಿನದು. ಸಹೀಹ್ ಬುಖಾರಿಯ ಮೊತ್ತಮೊದಲ ಹದೀಸೇ ಕರ್ಮದ ಬೆಲೆಯನ್ನು ಅದರ ಹಿಂದಿನ ಸಂಕಲ್ಪಕ್ಕೆ ಕಟ್ಟುತ್ತದೆ. ಒಂದೇ ಹಿಜ್ರತ್, ಒಬ್ಬನಿಗೆ ಅಲ್ಲಾಹನ ಕಡೆಗೆ, ಇನ್ನೊಬ್ಬನಿಗೆ ಲೌಕಿಕ ಲಾಭದ ಕಡೆಗೆ. ನೋಡುವವನ ಕಣ್ಣಿಗೆ ಎರಡೂ ಒಂದೇ ದಾರಿಯ ಧೂಳು. ನಾನು ಸಾಲದ ಪುಟಕ್ಕೆ ಹೋದುದು ಬಡ್ಡಿಯಿಂದ ಜನರನ್ನು ತಡೆಯಲು. ಕುಕೀಯು ಬರೆದುಕೊಂಡದ್ದು, ಈ ಬ್ರೌಸರ್ ಸಾಲದ ಪುಟಕ್ಕೆ ಬಂದಿತ್ತು, ಎರಡು ಲಕ್ಷದ ಲೆಕ್ಕ ಹಾಕಿತು ಎಂದು. ಅದು ಸುಳ್ಳು ಬರೆಯಲಿಲ್ಲ. ಆದರೂ ಅದು ಸತ್ಯವಲ್ಲ. ಅದಕ್ಕೆ ನನ್ನ ಸಂಕಲ್ಪ ಗೊತ್ತಿಲ್ಲ. ಅಷ್ಟೇಕೆ, ಕೀಲಿಮಣೆಯ ಮೇಲಿದ್ದ ಬೆರಳು ತಂದೆಯದೋ ಮಗನದೋ ಎಂಬುದೂ ಅದಕ್ಕೆ ಗೊತ್ತಿಲ್ಲ. ಅದು ಗುರುತಿಸುವುದು ಬ್ರೌಸರನ್ನು, ಮನುಷ್ಯನನ್ನಲ್ಲ. ಹಾಗಿದ್ದೂ ಅದು ಊಹಿಸುತ್ತದೆ, ಆ ಊಹೆಯ ಮೇಲೆ ವ್ಯಾಪಾರ ಮಾಡುತ್ತದೆ.

ಎರಡನೆಯದು ಕ್ಷಮೆಯ ಅಂತರ. ಪ್ರಾಮಾಣಿಕ ತೌಬಾ ಮಾಡಿದವನ ಕೆಡುಕುಗಳನ್ನು ಅಲ್ಲಾಹನು ಒಳಿತುಗಳಾಗಿ ಮಾರ್ಪಡಿಸುವನೆಂಬ ಶುಭವಾರ್ತೆ ಸೂರಃ ಅಲ್ ಫುರ್ಕಾನ್‌ನಲ್ಲಿದೆ (25:70). ಜಾಹೀರಾತಿನವನ ಪುಸ್ತಕದಲ್ಲಿ ತೌಬಾ ಎಂಬ ಕಲಮೇ ಇಲ್ಲ. ಕುಡಿತವನ್ನು ಬಿಡಬೇಕೆಂದು ನಿರ್ಧರಿಸಿದವನಿಗೆ ಮದ್ಯವನ್ನೂ, ಜೂಜಿಗೆ ಬೆನ್ನು ತಿರುಗಿಸಿದವನಿಗೆ ಜೂಜನ್ನೂ ಮತ್ತೆ ತಂದು ಮುಂದಿಡುವುದೇ ಈ ವ್ಯಾಪಾರದ ತರ್ಕ. ಮನುಷ್ಯ ಒಮ್ಮೆ ಎಲ್ಲಿ ಜಾರಿದ್ದನೋ ಅಲ್ಲಿಯೇ ಮತ್ತೆ ನೀರು ಸುರಿಯುವ ಲೆಕ್ಕಪುಸ್ತಕವದು.

ಮೂರನೆಯದು ಪರದೆಯ ಅಂತರ. ಅಂತಿಮ ದಿನ ಅಲ್ಲಾಹನು ತನ್ನ ವಿಶ್ವಾಸಿ ದಾಸನನ್ನು ಹತ್ತಿರಕ್ಕೆ ಕರೆದು, ಇತರರಿಗೆ ಕಾಣದಂತೆ ಮರೆಮಾಡಿ, ಅವನ ಪಾಪಗಳನ್ನು ಅವನಿಗೆ ನೆನಪಿಸಿ, ಲೋಕದಲ್ಲಿ ಮುಚ್ಚಿಟ್ಟಿದ್ದ ಅವನ್ನು ಅಂದು ಕ್ಷಮಿಸಿಬಿಡುವನೆಂದು ಇಬ್ನು ಉಮರ್(ರ) ವರದಿ ಮಾಡಿದ ಹದೀಸ್ ತಿಳಿಸುತ್ತದೆ. ಎಲ್ಲವನ್ನೂ ಬಲ್ಲ ಒಡೆಯನೇ ವಿಚಾರಣೆಯ ವೇಳೆಯಲ್ಲಿಯೂ ಪರದೆ ಎಳೆಯುತ್ತಾನೆ. ಅರ್ಧಂಬರ್ಧ ತಿಳಿದ ಯಂತ್ರವಾದರೋ ಮನೆಮಂದಿಯೆಲ್ಲ ನೋಡುವ ತೆರೆಯ ಮೇಲೆ ನಮ್ಮ ಹುಡುಕಾಟವನ್ನು ತೂಗುಹಾಕುತ್ತದೆ. ಯಾರಿಗೂ ಹೇಳದೆ ಒಂದು ಕಾಯಿಲೆಯ ಕುರಿತು ಓದಿದ ತಾಯಿ, ಮದುವೆ ಮುರಿಯುವ ಭಯದಲ್ಲಿ ಕಾನೂನಿನ ಪುಟ ತೆರೆದ ಮಗಳು, ಕೆಲಸ ಕಳೆದುಕೊಂಡ ಸುದ್ದಿಯನ್ನು ಮನೆಗೆ ತಿಳಿಸದ ತಂದೆ, ಇವರೆಲ್ಲರ ಗುಟ್ಟು ಪಕ್ಕದ ಜಾಹೀರಾತಿನಲ್ಲಿ ಹೊರಬೀಳಬಹುದು. ಮುಚ್ಚಿಡುವಂತಹುದು ನಮ್ಮಲ್ಲೇನಿದೆ ಎಂದು ಕೇಳುವವರು ಈ ಮೂವರ ಮುಖವನ್ನು ಒಮ್ಮೆ ನೆನೆಯಲಿ. ಮುಚ್ಚಿಡುವುದೆಲ್ಲ ಪಾಪವಲ್ಲ. ನೋವಿಗೂ ಮಾನಕ್ಕೂ ಬಾಗಿಲು ಬೇಕು.

ಈ ವ್ಯಾಪಾರವು ನಮ್ಮ ಆರಾಧನೆಯ ಹೊಸ್ತಿಲನ್ನೂ ಬಿಟ್ಟಿಲ್ಲ. 2020ರ ನವೆಂಬರಿನಲ್ಲಿ ಅಮೆರಿಕದ ಮದರ್‌ಬೋರ್ಡ್ ಪತ್ರಿಕೆಯು, ನಮಾಝಿನ ವೇಳೆಯನ್ನೂ ಕಿಬ್ಲಾದ ದಿಕ್ಕನ್ನೂ ತಿಳಿಸುವ ಮುಸ್ಲಿಮ್ ಪ್ರೊ ಆ್ಯಪ್ ತನ್ನ ಬಳಕೆದಾರರ ಸ್ಥಳದ ಮಾಹಿತಿಯನ್ನು ಎಕ್ಸ್-ಮೋಡ್ ಎಂಬ ದತ್ತಾಂಶ ವ್ಯಾಪಾರಿಗೆ ಕಳುಹಿಸುತ್ತಿತ್ತು, ಆ ವ್ಯಾಪಾರಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರೂ ಇದ್ದರು ಎಂದು ವರದಿ ಮಾಡಿತು. ವರದಿಯ ಬೆನ್ನಿಗೇ ಆ್ಯಪ್‌ನ ಸಂಸ್ಥೆಯು ಎಕ್ಸ್-ಮೋಡ್‌ನೊಂದಿಗಿನ ಸಂಬಂಧವನ್ನು ಕಡಿದುಕೊಂಡಿತು. ಅಲ್ಲಿ ಬಳಕೆಯಾದುದು ಕುಕೀಯಲ್ಲ, ಮೊಬೈಲಿನೊಳಗೆ ಅಡಕವಾಗಿದ್ದ ಇನ್ನೊಂದು ಬಗೆಯ ತಂತ್ರಾಂಶ. ಆದರೆ ಸಂತೆ ಅದೇ, ಮೂಲೆಯಲ್ಲಿ ಕುಳಿತವನೂ ಅದೇ ಜಾತಿಯವನು.

ಇಷ್ಟೆಲ್ಲ ಹೇಳಿ, ತಪ್ಪನ್ನು ಸಂಸ್ಥೆಗಳ ಮೇಲೆ ಹೊರಿಸಿ ನಾನು ಎದ್ದು ಹೋಗುವಂತಿಲ್ಲ. ನನ್ನ ಮಗನ ಮೇಲೆ ಆರೋಪ ಹೊರಿಸಿದ್ದು ಕುಕೀಯಲ್ಲ, ನಾನು. ಸೂರಃ ಅಲ್ ಹುಜುರಾತ್‌ನ 12ನೆಯ ಸೂಕ್ತವನ್ನು ಎಷ್ಟೋ ಸಭೆಗಳಲ್ಲಿ ಓದಿ ವಿವರಿಸಿದವನು ನಾನು. ಅದರಲ್ಲಿ ಮೂರು ಮಾತುಗಳು ಒಂದರ ಹಿಂದೊಂದು ಬರುತ್ತವೆ. ಮೊದಲು ಅತಿಯಾದ ಗುಮಾನಿಯಿಂದ ದೂರವಿರಬೇಕೆಂಬ ಆಜ್ಞೆ. ನಂತರ ಇತರರ ಗುಟ್ಟನ್ನು ಕೆದಕಬಾರದೆಂಬ ಆಜ್ಞೆ. ಆಮೇಲೆ ಪರನಿಂದೆಯ ನಿಷೇಧ, ಸತ್ತ ಸೋದರನ ಮಾಂಸವನ್ನು ತಿನ್ನುವುದಕ್ಕೆ ಅದನ್ನು ಹೋಲಿಸುವ ಎಚ್ಚರಿಕೆ. ಈ ಮೂರೂ ಬೇರೆ ಬೇರೆ ಪಾಪಗಳೆಂದು ನಾನು ತಿಳಿದಿದ್ದೆ. ಅವು ಒಂದೇ ಏಣಿಯ ಮೂರು ಮೆಟ್ಟಿಲುಗಳೆಂಬುದು ನಾನೇ ಇಳಿದ ಮೇಲೆ ತಿಳಿಯಿತು. ಜಾಹೀರಾತನ್ನು ಕಂಡು ಗುಮಾನಿಪಟ್ಟೆ. ಗುಮಾನಿಯು ನನ್ನನ್ನು ನಡುರಾತ್ರಿಯಲ್ಲಿ ಆ ಪಟ್ಟಿಯ ಮುಂದೆ ಕೂರಿಸಿತು. ಅಲ್ಲಿ ಸಿಗದ ಪುರಾವೆಯನ್ನು ನಾನೇ ಊಹಿಸಿಕೊಂಡು ಅಣ್ಣನ ಕಿವಿಗೆ ಹಾಕಿದೆ. ನಾಲ್ಕು ದಿನಗಳಲ್ಲಿ ಮೂರು ಮೆಟ್ಟಿಲು.

ಖಲೀಫಾ ಉಮರ್(ರ) ಅವರ ಬಗ್ಗೆ ಒಂದು ಪ್ರಸಂಗ ಪ್ರಚಲಿತವಿದೆ. ರಾತ್ರಿಯ ಗಸ್ತಿನಲ್ಲಿದ್ದಾಗ ಒಂದು ಮನೆಯಿಂದ ಸದ್ದು ಕೇಳಿ, ಗೋಡೆ ಹತ್ತಿ ಒಳಗಿಳಿದು, ಮದ್ಯದ ಮುಂದೆ ಕುಳಿತಿದ್ದವನನ್ನು ಗದರಿದರಂತೆ. ಆತನು, ತಾನು ಮಾಡಿದ್ದು ಒಂದು ತಪ್ಪಾದರೆ ಖಲೀಫರು ಮಾಡಿದ್ದು ಮೂರು ಎಂದನಂತೆ. ಗುಟ್ಟನ್ನು ಕೆದಕಿದ್ದು, ಬಾಗಿಲು ಬಿಟ್ಟು ಗೋಡೆಯಿಂದ ಬಂದದ್ದು, ಅನುಮತಿ ಕೇಳದೆ ಒಳನುಗ್ಗಿದ್ದು. ಉಮರ್(ರ) ಅದನ್ನು ಒಪ್ಪಿ ಮರಳಿದರೆಂದು ಪ್ರಸಂಗ ಹೇಳುತ್ತದೆ. ಅಷ್ಟು ದೊಡ್ಡ ಆಡಳಿತಗಾರನ ಅಧಿಕಾರವೇ ಗೋಡೆಯ ಬಳಿ ನಿಲ್ಲಬೇಕಾದರೆ, ತಂದೆಯೆಂಬ ಅಧಿಕಾರಕ್ಕೆ ಮಾತ್ರ ಗೋಡೆಯಿಲ್ಲವೇ? ಮಕ್ಕಳನ್ನು ತಿದ್ದುವ ಹೊಣೆ ನಮ್ಮದು, ಸರಿ. ಆದರೆ ಆ ಹೊಣೆಗೆ ಬಾಗಿಲಿದೆ. ಎದುರು ಕುಳಿತು ಕೇಳುವುದೇ ಆ ಬಾಗಿಲು. ನಾನು ಕೇಳಿದ್ದು ಕೊನೆಯಲ್ಲಿ, ಕೇಳಬೇಕಾಗಿದ್ದುದು ಮೊದಲಲ್ಲಿ.

ಅವನು ಆ ದಿನಗಳಲ್ಲಿ ಏಕೆ ಮೌನವಾಗಿದ್ದನೆಂಬುದು ಆ ಬಳಿಕ ನನಗೆ ತಿಳಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವನದು. ಅವನಾಗಿಯೇ ಹೇಳಿದ ಎಂಬುದಷ್ಟೇ ನನ್ನ ಪಾಲಿನ ಭಾಗ್ಯ. ನಾನು ಅವನಲ್ಲಿ ಕ್ಷಮೆ ಕೇಳಿದೆ. ಅಣ್ಣನಿಗೂ ಫೋನ್ ಮಾಡಿ, ಹೇಳಿದ ಮಾತು ಸುಳ್ಳು, ತಪ್ಪು ನನ್ನದು ಎಂದೆ. ಎರಡನೆಯ ಫೋನ್ ಮೊದಲನೆಯದಕ್ಕಿಂತ ಬಹಳ ಕಷ್ಟದ್ದಾಗಿತ್ತು. ಪರನಿಂದೆ ಹರಡಿದಷ್ಟು ಬೇಗ ಅದರ ತಿದ್ದುಪಡಿ ಹರಡುವುದಿಲ್ಲ. ಅಣ್ಣನಿಂದ ಅತ್ತಿಗೆಗೆ, ಅತ್ತಿಗೆಯಿಂದ ಅವರ ತಂಗಿಗೆ ಅದಾಗಲೇ ಮಾತು ದಾಟಿತ್ತು. ಕುಕೀಗಳನ್ನು ಅಳಿಸಲು ಎರಡು ಗುಂಡಿ ಒತ್ತಿದರೆ ಸಾಕು. ನಾಲಿಗೆ ಬಿಟ್ಟ ಗುರುತಿಗೆ ಅಂತಹ ಗುಂಡಿಯಿಲ್ಲ.

ಈಗ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆಯಿದೆ, ಬೇರೆ ಬೇರೆ ಗುಪ್ತಪದವಿದೆ. ಮಗಳ ಖಾತೆಗೆ ಸಲ್ಲದ ತಾಣಗಳ ತಡೆ ಹಾಕಿದ್ದೇವೆ, ಅದನ್ನು ಅವಳಿಗೆ ತಿಳಿಸಿಯೇ ಹಾಕಿದ್ದೇವೆ. ಬ್ರೌಸರಿನ ಸೆಟ್ಟಿಂಗ್‌ನಲ್ಲಿ ಮೂರನೆಯವರ ಕುಕೀಗಳನ್ನು ನಿರ್ಬಂಧಿಸಿದ್ದೇವೆ. ಹಾಗೆ ಮಾಡಿದ ಮೇಲೆ ನಾವು ನಿತ್ಯ ಬಳಸುವ ತಾಣಗಳಲ್ಲಿ ಏನೂ ಕೆಟ್ಟಿಲ್ಲ. ಒಪ್ಪಿಗೆಯ ಪೆಟ್ಟಿಗೆ ಎದುರಾದಾಗ ನಿರಾಕರಿಸುವ ಗುಂಡಿಯನ್ನು ಹುಡುಕಲು ಅರ್ಧ ನಿಮಿಷ ವ್ಯಯಿಸುತ್ತೇನೆ. ಸಿಗದಿದ್ದರೆ ಆ ತಾಣವನ್ನೇ ಮುಚ್ಚುತ್ತೇನೆ. ಖಾಸಗಿ ಕಿಟಕಿಯಲ್ಲಿ ಓದಿದರೆ ಅದನ್ನು ಮುಚ್ಚಿದಾಗ ಕುಕೀಗಳು ಅಳಿಯುತ್ತವೆ. ಆದರೆ ನಾವು ಭೇಟಿಯಿತ್ತ ತಾಣಕ್ಕೂ ಇಂಟರ್‌ನೆಟ್ ಒದಗಿಸುವವನಿಗೂ ನಮ್ಮ ಹೆಜ್ಜೆ ಕಾಣುತ್ತಲೇ ಇರುತ್ತದೆ ಎಂಬುದನ್ನೂ ಮಕ್ಕಳಿಗೆ ತಿಳಿಸಿದ್ದೇನೆ. ಕುಕೀಗಳಿಲ್ಲದೆಯೂ ಬೆಂಬತ್ತುವ ಉಪಾಯಗಳಿವೆ. ಬೀಗ ಹಾಕಿದ ಮಾತ್ರಕ್ಕೆ ಕಳ್ಳತನ ನಿಲ್ಲದು, ಹಾಗೆಂದು ಯಾರೂ ಬಾಗಿಲು ತೆರೆದಿಟ್ಟು ಮಲಗುವುದಿಲ್ಲ.

ನಮ್ಮ ಸಂಸ್ಥೆಗಳನ್ನು ನಡೆಸುವವರಲ್ಲಿ ಒಂದು ವಿನಂತಿಯಿದೆ. ಮದ್ರಸಾ, ಟ್ರಸ್ಟ್, ಝಕಾತ್ ಸಂಗ್ರಹದ ತಾಣಗಳನ್ನು ಕಟ್ಟಿಸುವಾಗ, ಅದರೊಳಗೆ ಯಾರ ಯಾರ ಚೀಟಿಗಳಿವೆ ಎಂದು ಕಟ್ಟಿದವರನ್ನು ಒಮ್ಮೆ ಕೇಳಿರಿ. ಭೇಟಿಯಿತ್ತವರ ಸಂಖ್ಯೆ ತಿಳಿಯಲೆಂದೋ ಚಂದಕ್ಕೆಂದೋ ಸೇರಿಸಿದ ಒಂದು ತುಣುಕಿನ ಮೂಲಕ ಮೂಲೆಯವನು ಒಳಬಂದಿರಬಹುದು. ಎಡಗೈಗೆ ತಿಳಿಯದಂತೆ ಬಲಗೈಯಿಂದ ದಾನ ಮಾಡಬಯಸುವವನೊಬ್ಬನು ಆ ಪುಟಕ್ಕೆ ಬರುತ್ತಾನೆ. ಸಹಾಯ ಕೇಳಲು ಸಂಕೋಚಪಡುವ ಬಡವನೂ ಅದೇ ಪುಟಕ್ಕೆ ಬರುತ್ತಾನೆ. ಇಬ್ಬರ ಗುಟ್ಟೂ ನಮ್ಮ ಬಳಿ ಇರುವ ಅಮಾನತ್. ಅದನ್ನು ನಾವೇ ಅರಿಯದೆ ಜಾಹೀರಾತಿನವನ ಕೈಗೆ ಕೊಟ್ಟರೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವರೂ ನಾವೇ.

ಮೊನ್ನೆ ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತಿದ್ದಾಗ ಮಗನ ಖಾತೆ ತೆರೆದೇ ಇತ್ತು. ಅವನು ಮುಚ್ಚಲು ಮರೆತು ಮಲಗಿದ್ದ. ಪಕ್ಕದಲ್ಲಿ ಯಾವುದೋ ಜಾಹೀರಾತು. ಅದು ಯಾವುದರದ್ದೆಂದು ಓದುವ ಮೊದಲೇ ತೆರೆಯನ್ನು ಆರಿಸಿದೆ. ಬಹಳ ಸಣ್ಣ ಕೆಲಸ. ಆದರೂ ಎದ್ದು ವುಝೂ ಮಾಡಿ ನಿಂತಾಗ ಮನಸ್ಸು ಹಗುರವಾಗಿತ್ತು.

ನಮ್ಮ ಕುಂದುಗಳನ್ನು ಮುಚ್ಚಿಡುವ ಅಲ್ಲಾಹನು, ಇತರರ ಕುಂದುಗಳನ್ನು ಮುಚ್ಚಿಡುವ ಮನಸ್ಸನ್ನು ನಮಗೂ ದಯಪಾಲಿಸಲಿ. ನಮ್ಮ ಗುಮಾನಿಗಳಿಂದ ನಮ್ಮ ಮನೆಮಂದಿಯನ್ನು ಕಾಪಾಡಲಿ. ಆಮೀನ್.